ಎಷ್ಟಕ್ಕ ಸುರು ಆತು?

ಇಂದು ಮುಂಜಾನೆ ನಮ್ಮ ಮನೆಯವರಿಗೆ ಅಂಗಿ ತೊಡಿಸುವಾಗ ಮೂರನೆಯ ಗುಂಡಿ ಕಾಜಾದೊಳಗೆ ಹೋಗಲೊಲ್ಲದು. ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಕಸುವು ಬೇಕಲ್ಲ. ಇವರು ಬ್ಯಾಡಗಿಯಲ್ಲಿ ಮೂವತ್ತು ವರ್ಷ ಟೇಲರ್ ಆಗಿದ್ದವರು. ಊರಿನ ಅರ್ಧ ಗಂಡಸರಿಗೆ ಅಂಗಿ ಹೊಲಿದ ಬಲಗೈ ಆರು ವರ್ಷದಿಂದ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿದೆ.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೆದುಳಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ ಎಂದು ಪ್ರಶ್ನೆ ಕೊಟ್ಟು, ತಪ್ಪಿದವರ ಅಂಕ ಕಳೆಯುತ್ತಿದ್ದವಳು. ಅಂಥವಳ ಜಾಣತನ ಹೇಗಿತ್ತು ಕೇಳಿ.

ಅದು ಮೆಣಸಿನಕಾಯಿ ಸುಗ್ಗಿ. ಆ ದಿನಗಳಲ್ಲಿ ಬ್ಯಾಡಗಿಯಲ್ಲಿ ಯಾರ ಮುಖವೂ ನೆಟ್ಟಗಿರುವುದಿಲ್ಲ. ಘಾಟಿಗೆ ಒಬ್ಬರ ಕಣ್ಣು ಸೋರಿದರೆ ಇನ್ನೊಬ್ಬರು ಸೀನುತ್ತಿರುತ್ತಾರೆ. ಒಂದು ಭಾನುವಾರ ಮುಂಜಾನೆ ಎಂಟರ ಹೊತ್ತಿಗೆ ಇವರ ಕೈಯಿಂದ ಕತ್ತರಿ ಜಾರಿ ಬಿತ್ತು. ಬಾಯಿ ಒಂದು ಕಡೆ ಎಳೆದಂತಿತ್ತು. ಘಾಟು ಎಂದುಕೊಂಡೆ. ಮಾತು ತೊದಲಿದಾಗ ನಿದ್ದೆ ಸಾಲದೆಂದುಕೊಂಡು ಮಜ್ಜಿಗೆ ಕುಡಿಸಿದೆ. ಅದು ಕಟವಾಯಿಯಿಂದ ಹರಿದು ಎದೆ ತೋಯಿಸಿತು, ಒರೆಸಿ ಮಲಗಿಸಿದೆ. ಬಿ.ಪಿ. ಗುಳಿಗೆಯನ್ನು ಇವರು ಎರಡು ತಿಂಗಳಿಂದ ಬಿಟ್ಟಿದ್ದರು. ಆರಾಮಿದ್ದವರಿಗೆ ಗುಳಿಗೆ ಯಾಕೆ ಎಂದಿದ್ದರು, ನಾನೂ ಹೂಂ ಅಂದಿದ್ದೆ.

ಹತ್ತರ ಹೊತ್ತಿಗೆ ಕೈ ಎತ್ತಲಾಗಲಿಲ್ಲ. ಲಕ್ವಾ ಹೊಡೆದಿದೆ ಎಂದು ಓಣಿಯವರು ಯಾರೋ ಅಂದರು. ಅದಕ್ಕೆ ಸೊಪ್ಪಿನ ರಸ ಕೊಡುವವರ ಹಳ್ಳಿಯನ್ನೂ ಅವರೇ ತೋರಿಸಿದರು. ಅಲ್ಲಿ ಹೋಗಿ ಸರದಿ ಕಾದೆವು. ಹಾವೇರಿಯ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು.

"ಎಷ್ಟಕ್ಕ ಸುರು ಆತ್ರಿ?"

"ಎಂಟಕ್ಕರಿ."

ಅವರು ಗಡಿಯಾರ ನೋಡಿದರು. ಸ್ಕ್ಯಾನ್ ಆದ ಮೇಲೆ, ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದಕ್ಕೆ ನಾಲ್ಕೂವರೆ ತಾಸಿನೊಳಗೆ ಬರಬೇಕಿತ್ತು ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ಚಲೋ ಇತ್ತು.

ಆಮೇಲೆ ಎತ್ತುವುದು, ಕೂರಿಸುವುದು, ಒರೆಸುವುದು. ಇವರಿಗೆ ಉಳಿದ ಮಾತು ಬೆರಳೆಣಿಕೆಯಷ್ಟು. ಯಾಕೆ ಬೇಗ ಕರೆದೊಯ್ಯಲಿಲ್ಲ ಎಂದು ಇವರು ಒಮ್ಮೆಯೂ ಕೇಳಲಿಲ್ಲ. ಮಾತಿಲ್ಲದ್ದಕ್ಕೋ ಮನಸ್ಸಿಲ್ಲದ್ದಕ್ಕೋ ತಿಳಿಯಲಿಲ್ಲ. ನಾನೇ ದಿನಾ ಕೇಳಿಕೊಂಡು ದಣಿದೆ.

ಹೋದ ತಿಂಗಳು ಪಕ್ಕದ ಮನೆಯ ರಜಿಯಾಬಿ ನಮ್ಮ ಕಟ್ಟೆಯ ಮೇಲೆ ಕುಳಿತು, ರಾಣೆಬೆನ್ನೂರಿನಲ್ಲಿರುವ ಮಗಳ ಸುದ್ದಿ ಹೇಳುತ್ತಿದ್ದಳು. ನಾನು ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಇವರು ಎಡಗೈಯಿಂದ ಕುರ್ಚಿ ಬಡಿಯತೊಡಗಿದರು.

"ಬಾಯಿ... ಬಾಯಿ."

ನೀರು ಬೇಕೇನೋ ಎಂದು ಎದ್ದೆ. ಇವರು ಅವಳ ಕಡೆ ಬೆರಳು ಮಾಡಿದರು. ಆಗ ನೋಡಿದೆ, ರಜಿಯಾಬಿಯ ತುಟಿಯ ಎಡತುದಿ ಇಳಿದಿತ್ತು. ಅಂದು ಆಸ್ಪತ್ರೆಯಲ್ಲಿ ಇವರಿಗೆ ಮಾಡಿಸಿದ್ದು ನೆನಪಾಗಿ, ಒಮ್ಮೆ ನಗು ಎಂದೆ, ಅರ್ಧ ನಕ್ಕಳು. ಎರಡೂ ಕೈ ಮುಂದೆ ಚಾಚು ಎಂದೆ; ಎಡಗೈ ತಾನಾಗಿ ಕೆಳಗೆ ಇಳಿಯಿತು. ಮಾತು ಅಂಟಂಟಾಗಿತ್ತು. ಕುಡಿಯಲು ಕೇಳಿದಳು, ಗಂಟಲಲ್ಲಿ ಸಿಕ್ಕೀತೆಂದು ಕೊಡಲಿಲ್ಲ. ೧೦೮ಕ್ಕೆ ಫೋನ್ ಮಾಡಿ, ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡೆ. ಸೊಪ್ಪಿನ ರಸದ ಮಾತು ತೆಗೆದವರಿಗೆ ದಾರಿ ಬಿಡಿ ಎಂದೆ. ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಬಂದಾಗ ಸುಮ್ಮನೆ ಅಂಗೈ ಚಾಚಿದೆ. ಒಂದೂಕಾಲು ತಾಸಾಗಿತ್ತು.

ಹತ್ತು ದಿನಕ್ಕೆ ರಜಿಯಾಬಿ ನಡೆದುಕೊಂಡೇ ನಮ್ಮ ಮನೆಗೆ ಬಂದಳು.

"ಅಕ್ಕೋರ, ಅಣ್ಣಾರು ನೋಡದಿದ್ರ ನಾ ಹಾಸಿಗಿ ಹಿಡಿತಿದ್ದೆ" ಎಂದು ಅತ್ತಳು.

ಅವಳು ಹೋದ ಮೇಲೆ ನಾನೂ ಅತ್ತೆ. ಸಂತೋಷಕ್ಕಲ್ಲ, ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಿಗೆ. ಇವರು ಎಡಗೈಯಿಂದ ನನ್ನ ಸೆರಗು ಜಗ್ಗಿದರು. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದರು.

"ನಿನಗ... ಗೊತ್ತ... ಇರಲಿಲ್ಲ."

ಹೋದ ವಾರ ರಜಿಯಾಬಿ ನನ್ನನ್ನು ಎಳೆದೊಯ್ದು ತಪಾಸಣೆ ಮಾಡಿಸಿದಳು. ನನಗೂ ಬಿ.ಪಿ. ಇದೆಯಂತೆ; ಗುಳಿಗೆ ತಪ್ಪಿಸದೆ ನುಂಗುತ್ತಿದ್ದೇನೆ. ಈಗ ಮಧ್ಯಾಹ್ನ. ಇವರು ಕುಳಿತಲ್ಲೇ ತೂಕಡಿಸುತ್ತಿದ್ದಾರೆ. ಪಕ್ಕದಲ್ಲೇ ಚಾಪೆ ಹಾಸಿದ್ದೇನೆ. ಒಂದು ತಾಸು ಮಲಗುತ್ತೇನೆ. ಆರು ವರ್ಷದಲ್ಲಿ ಹಗಲು ಹೊತ್ತು ಮಲಗುವುದು ಇದೇ ಮೊದಲು.