ಉಳಿದದ್ದು ಒಂದೇ ಹಸಿರು ಹುಳು

ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಚಿಕ್ಕಮ್ಮ ದೋಣಿಯ ನಡುವೆ ಕೂತು ಹುಳುಗಳ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹುಳುಗಳಿರಲಿಲ್ಲ. ಹಸಿರು, ಕಪ್ಪು, ಕಂದು ಎಲ್ಲ ಕಲೆತು ಜಿಗುಟಾದ ಒಂದು ಮುದ್ದೆ ಇತ್ತು.

"ಭಾವ, ಇದನ್ನ ಮುಟ್ಟಿದ್ದು ಯಾರು?"

"ನಾನೇ. ಮೂರು ಡಬ್ಬಿ ಯಾಕೆ ಹೊರೋದು ಅಂತ ಎಲ್ಲಾನೂ ಒಂದಕ್ಕೇ ಜೋಡಿಸಿಟ್ಟೆ. ಮರೀಬಾರದು ಅಂತ ನಾಲ್ಕು ದಿನದಿಂದ ಕಿಟಕಿಯಲ್ಲೇ ಇಟ್ಟಿದ್ದೆ."

ಭಾವ ಎಂದರೆ ನನ್ನ ಅಪ್ಪ. ದರ್ಜಿ, ಹರಡಿಕೊಂಡದ್ದನ್ನು ಕಂಡರೆ ಕೈ ಸುಮ್ಮನಿರದು. ಬಾಸ್ ಮೀನಿಗೆ ಒಡ್ಡುವ ಈ ಹುಳುಗಳು ಮೆತ್ತನೆಯ ಪ್ಲಾಸ್ಟಿಕ್ಕಿನವು. ಅವುಗಳಲ್ಲಿ ಎರಡು ಜಾತಿ, ಮಾಮೂಲಿಯವು ಮತ್ತು ರಬ್ಬರಿನಂತೆ ಹಿಗ್ಗುವವು. ಮಾಮೂಲಿ ಹುಳುವನ್ನು ಮೆತ್ತಗಿಡುವ ಎಣ್ಣೆ ಇನ್ನೊಂದಕ್ಕೆ ಇಳಿದರೆ ಅದು ಕರಗಿಹೋಗುತ್ತದೆ. ಬಿಸಿಲು ಬಿದ್ದರೆ ಇನ್ನೂ ಬೇಗ.

ಹಿಂದೆ ಕೂತಿದ್ದ ಪರೀಕ್ಷಕರು ಗಡಿಯಾರ ನೋಡಿಕೊಂಡರು. "ಪರೀಕ್ಷೆ ಒಂಬತ್ತಕ್ಕೆ ಮುಗಿಯುತ್ತೆ ಅಮ್ಮ."

ಶಾಲೆಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಗಾಜಿನ ಪಾತ್ರೆ ತೊಳೆದ ಚಿಕ್ಕಮ್ಮನಿಗೆ ಈ ಕೆರೆಯಲ್ಲಿ ದೋಣಿ ನಡೆಸುತ್ತಾ ಜನರಿಗೆ ಮೀನು ಹಿಡಿಸುವ ಮಾರ್ಗದರ್ಶಿಯಾಗುವ ಆಸೆ. ಪರವಾನಗಿ ಬೇಕಿದ್ದರೆ, ಎಂದೂ ಗಾಳ ಹಿಡಿಯದ ಒಬ್ಬ ಅತಿಥಿಯನ್ನು ಕರೆತಂದು, ಅವರ ಕೈಯಲ್ಲೇ ಮೂವತ್ತು ಸೆಂಟಿಮೀಟರಿನ ಬಾಸ್ ಹಿಡಿಸಬೇಕು. ಅವಕಾಶ ಮೂರೇ ಸಲ. ಹಿಂದಿನ ಎರಡು ಸಲವೂ ಅತಿಥಿಗಳು ಅವಸರಪಟ್ಟು ದಾರ ಸುತ್ತುವ ರೀಲು ತಿರುಗಿಸಿದ್ದರು, ದೊಡ್ಡವರನ್ನು ತಡೆಯುವುದು ಹೇಗೆಂದು ಚಿಕ್ಕಮ್ಮ ಬಾಯಿ ಬಿಟ್ಟಿರಲಿಲ್ಲ. ಇದು ಮೂರನೆಯ ಸಲ, ಅತಿಥಿ ಅಪ್ಪ.

ಅವರು ಅಂಗಿಯ ಜೇಬು ತಡಕಿದರು. ಪುಟ್ಟ ಕವರಿನಲ್ಲಿ ಒಂದು ಹಸಿರು ಹುಳು ಇತ್ತು. ಅದು ಉಪ್ಪು ಬೆರೆಸಿದ ಜಾತಿಯದು, ಸೀಸದ ಗುಂಡಿಲ್ಲದೆ ತಾನಾಗಿಯೇ ಮುಳುಗುತ್ತದೆ. ನೀರು ತುಂಬಿದ ಆರಡಿ ಪಾರದರ್ಶಕ ಪೈಪಿನಲ್ಲಿ ಅದನ್ನು ಬಿಟ್ಟು ಬಿಟ್ಟು, ತಳ ಮುಟ್ಟಲು ಬೇಕಾಗುವ ಸಮಯವನ್ನು ವಾರವಿಡೀ ಅಳೆದಿದ್ದರು.

"ನೀರು ತಿಳಿಯಾಗಿದೆ, ಹಸಿರೇ ಸರಿ," ಎಂದು ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಿದರು. ಹಾಗಿದ್ದರೆ ಕೊಂಬೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಹುಟ್ಟು ಹಾಕುತ್ತಾ ಎಂಟು ನಲವತ್ತಕ್ಕೆ ಮುಳುಗಿದ ಮರವೊಂದರ ಬಳಿ ಬಂದು ಅದರ ನೆರಳನ್ನು ತೋರಿಸಿದರು. ಅಲ್ಲಿ ಆಳ ಹತ್ತಡಿ. "ಅಲ್ಲಿಗೆ ಎಸೀರಿ. ಹುಳು ತಳ ಸೇರಬೇಕು, ಹದಿನಾಲ್ಕು ಎಣಿಸೋವರೆಗೂ ಕೈ ಅಲ್ಲಾಡಿಸಬೇಡಿ."

ಅಪ್ಪ ಎಸೆದರು. ಆರಕ್ಕೇ ರೀಲು ತಿರುಗಿಸಿದರು. ಮೀನಿಲ್ಲದೆ ಹುಳು ಮಾತ್ರ ಬಂತು.

ಎರಡನೆಯ ಸಲ ಒಂಬತ್ತಕ್ಕೆ ಎಳೆದರು. ದಾರ ಕೊಂಬೆಗೆ ಸಿಕ್ಕಿ ಬಿಗಿಯಿತು.

"ಹೋಯ್ತಾ?" ಅಪ್ಪ ಕೇಳಿದರು.

ಚಿಕ್ಕಮ್ಮ ಗಾಳದ ಕೋಲನ್ನು ತಾವೇ ಹಿಡಿದು, ದಾರ ಸಡಿಲ ಬಿಟ್ಟು, ಬೆರಳ ತುದಿಯಿಂದ ಎರಡು ಸಲ ಮೆಲ್ಲಗೆ ಮಿಡಿದರು. ಹುಳು ಕೊಂಬೆ ದಾಟಿ ಕಳಚಿಕೊಂಡಿತು. ಎಂಟು ನಲವತ್ತೇಳು.

"ನಿನಗೇನಮ್ಮ, ಆರಾಮಾಗಿ ಹೇಳ್ತೀಯ. ನನಗಿಲ್ಲಿ ಕೈ ಕಡೀತಿದೆ."

"ಗಿರಾಕಿ ಅರ್ಜೆಂಟು ಅಂದ್ರೆ ಅಳತೆ ತಗೊಳ್ದೇ ಬಟ್ಟೆ ಕತ್ತರಿಸ್ತೀರಾ ಭಾವ?"

ಪರೀಕ್ಷಕರು ಕೆಮ್ಮಿದಂತೆ ನಕ್ಕರು.

ಮೂರನೆಯ ಸಲ ಎಸೆದು ಅಪ್ಪ ಗಟ್ಟಿಯಾಗಿ ಎಣಿಸತೊಡಗಿದರು. ಹತ್ತು ಎನ್ನುವಾಗ ಬೆರಳು ರೀಲಿನ ಹಿಡಿಗೆ ಹೋಯಿತು.

"ಭಾವ, ಕೈ ತೆಗೀರಿ!"

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾದಿನಿಯಿಂದ ಅಪ್ಪ ಕೇಳಿದ ಮೊದಲ ಗದರಿಕೆ ಅದು. ಕೈ ತೆಗೆದರು. ಹನ್ನೊಂದು. ಹನ್ನೆರಡು. ಹದಿಮೂರು. ಹದಿನಾಲ್ಕೂ ಆಯಿತು. ದಾರ ನೀರಿನ ಮೇಲೆ ಸುಮ್ಮನೆ ಬಿದ್ದಿತ್ತು. ಅಪ್ಪ ತಿರುಗಿ ನೋಡಿದರು. ಚಿಕ್ಕಮ್ಮ ದಾರವನ್ನೇ ನೋಡುತ್ತಿದ್ದರು. ಅದು ಒಂದು ಗೇಣಿನಷ್ಟು ಪಕ್ಕಕ್ಕೆ ಸರಿಯಿತು, ಗಾಳಿಗೆ ಎದುರಾಗಿ.

"ಈಗ ಎಳೀರಿ."

ಕೋಲು ಬಾಗಿತು. ಮೀನು ಎರಡು ಸಲ ಮರದ ಕಡೆ ನುಗ್ಗಿತು, ಎರಡು ಸಲವೂ ಚಿಕ್ಕಮ್ಮ ಹುಟ್ಟು ಹಾಕಿ ದೋಣಿಯನ್ನು ಹಿಂದಕ್ಕೆ ಸರಿಸಿದರು. ಎಂಟು ಐವತ್ತಾರಕ್ಕೆ ಅದು ಅಳತೆಪಟ್ಟಿಯ ಮೇಲಿತ್ತು: ಮೂವತ್ತೊಂದು ಸೆಂಟಿಮೀಟರ್. ಪರೀಕ್ಷಕರು ನೋಡಿ, ಬರೆದುಕೊಂಡು, ಅದನ್ನು ನೀರಿಗೆ ಬಿಟ್ಟರು. ಬಾಲ ಹರಿದುಹೋಗಿದ್ದ ಹುಳುವನ್ನು ಚಿಕ್ಕಮ್ಮ ಮತ್ತೆ ಜೇಬಿಗೆ ಹಾಕಿಕೊಂಡರು.

ಪರವಾನಗಿಯ ಜೊತೆ ಬಂದ ಪರೀಕ್ಷೆಯ ಹಾಳೆ ಈಗಲೂ ಅವರ ಬೀರುವಿನಲ್ಲಿದೆ. 'ಅತಿಥಿಗೆ ನೀಡಿದ ಮುಖ್ಯ ಸೂಚನೆ' ಎಂಬಲ್ಲಿ ನಾಲ್ಕು ಸಾಲು ಜಾಗವಿದೆ. ಪರೀಕ್ಷಕರು ಬರೆದಿರುವುದು ಒಂದೇ ಪದ: ಹದಿನಾಲ್ಕು.