ಗೌರತ್ತೆಯ ಕಾಲು, ನನ್ನ ಬೆನ್ನು

ಆಗದ ಮಾತು ಅಂತ ನಮ್ಮ ದೊಡ್ಡಪ್ಪ ಎರಡು ಸಲ ಹೇಳಿದರು. ಒಂದು, ಹಮಾಲರ ಮನೆಯ ಹೆಣ್ಣುಮಗಳು ಬಿ.ಎ. ಪಾಸಾಗುವುದು. ಇನ್ನೊಂದು, ಸೊಂಟ ಬಿದ್ದ ನಾನು ಮತ್ತೆ ನೆಟ್ಟಗೆ ನಿಂತು ಶಾಲೆಯ ಮೈದಾನದಲ್ಲಿ ಸೀಟಿ ಊದುವುದು.

ಮೊದಲನೆಯದನ್ನು ನಾನು ಆಗಲೇ ಸುಳ್ಳು ಮಾಡಿದ್ದೆ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಬಿ.ಎ. ಎಂಬುದು ಮೊದಲು ಸೇರಿದ್ದು ನನ್ನ ಹೆಸರಿಗೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಾರೆ. ನಮ್ಮ ಮನೆತನಕ್ಕೆ ಇದ್ದ ಆಸ್ತಿ ಬೆನ್ನೊಂದೇ. ಅಪ್ಪನ ಬೆನ್ನಿನ ಮೇಲೆ ನಾನು ಕಾಲೇಜು ಮುಗಿಸಿದೆ, ದೈಹಿಕ ಶಿಕ್ಷಣದ ತರಬೇತಿಯನ್ನೂ ಮುಗಿಸಿದೆ. ಕುರುಗೋಡಿನ ಒಂದು ಹೈಸ್ಕೂಲಿಗೆ ಡ್ರಿಲ್ ಟೀಚರ್ ಎಂದು ಆರ್ಡರ್ ಬಂತು. ಕೆಲಸಕ್ಕೆ ಸೇರುವಾಗ ಸರಕಾರಿ ಡಾಕ್ಟರರ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು ಎಂದು ಅದರ ಕೆಳಗೆ ಬರೆದಿತ್ತು. ಅದನ್ನು ಓದಿ ನಾನು ನಕ್ಕಿದ್ದೆ. ಖೋಖೋ ಆಡಿ ಬೆಳೆದವಳಿಗೆ ಎಂಥ ಸರ್ಟಿಫಿಕೇಟು?

ಆ ವಾರವೇ ಬಿದ್ದೆ.

ಬಳ್ಳಾರಿಯಲ್ಲಿ ನಮ್ಮ ಕಾಲೇಜಿನ ಹಳೆಯ ಹುಡುಗಿಯರು ಸೇರಿ ಒಂದು ಖೋಖೋ ಆಟ ಇಟ್ಟುಕೊಂಡಿದ್ದೆವು. ಓಡಿ ಬಂದು ಕಂಬ ಹಿಡಿದು ತಿರುಗುವಾಗ ಮೇಲಿನ ಮೈ ತಿರುಗಿತು, ಕೆಳಗಿನ ಮೈ ತಿರುಗಲಿಲ್ಲ. ಸೊಂಟದೊಳಗೆ ಒಣಕಡ್ಡಿ ಮುರಿದಂತಾಯಿತು. ಎದ್ದೆ, ಮಣ್ಣು ಕೊಡವಿದೆ, ಆಟ ಮುಗಿಸಿದೆ. ಮರುದಿನ ಮುಂಜಾನೆ ಊರಿನಲ್ಲಿ ಚೆಂಬು ತೆಗೆದುಕೊಳ್ಳಲು ಬಗ್ಗಿದವಳು ಮೇಲೆ ಏಳಲಿಲ್ಲ.

ಅವ್ವ ಮೊದಲು ಮಾಡಿದ್ದು ಬಾಗಿಲು ಹಾಕುವ ಕೆಲಸ. "ಹೊರಗ ಸುದ್ದಿ ಹೋಗಬಾರದು ನೋಡು. ಸೊಂಟ ಹೋದಾಕಿ ಅಂತ ಹೆಸರು ಬಂದ್ರ ಯಾವನು ಮಾಡ್ಕೋತಾನ?"

ಅಪ್ಪನಿಗೆ ಅಂಥ ಚಿಂತೆ ಇರಲಿಲ್ಲ. "ಉಳುಕಿದ್ದಕ್ಕ ಯಾಕ ಇಷ್ಟು ಗದ್ದಲ? ಕುರುಗೋಡಿಗೆ ಹೋಗೂಣು. ಗೌರಿ ಅದಾಳಲ್ಲ."

ಗೌರಿ ಅಂದರೆ ಅಪ್ಪನ ತಂಗಿ, ನನ್ನ ಗೌರತ್ತೆ. ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ಸೋಕಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮಿಲ್ಲಿನ ಹಮಾಲರೆಲ್ಲ ಅಮಾವಾಸ್ಯೆಯ ಮುಂಜಾನೆ ಬರಿಹೊಟ್ಟೆಯಲ್ಲಿ ಅವಳ ಬಾಗಿಲಿಗೆ ಹೋಗುತ್ತಾರೆ. ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಬೇಕು. ಅತ್ತೆ ಎಡಗಾಲಿನ ಹಿಮ್ಮಡಿಯಿಂದ ಸೊಂಟಕ್ಕೆ ಒದೆಯುತ್ತಾಳೆ. ಒದೆಸಿಕೊಂಡವರು ತಿರುಗಿ ನೋಡದೆ ನಡೆದುಬಿಡಬೇಕು. ತಿರುಗಿದರೆ ನೋವು ಮರಳಿ ಬರುತ್ತದಂತೆ. ದುಡ್ಡು ಮುಟ್ಟುತ್ತಿರಲಿಲ್ಲ ಅವಳು. ಗಂಡ ಸತ್ತ ಮೇಲೆ ಊರಿನಲ್ಲಿ ಅವಳಿಗೆ ಉಳಿದ ಮರ್ಯಾದೆಯೆಂದರೆ ಆ ಕಾಲು.

ನಾನು ಓದಿದವಳು. ಆದರೆ ಆ ಹಿಮ್ಮಡಿ ಸೋಕಿ ಅಪ್ಪ ನೆಟ್ಟಗಾಗಿ ಮರುದಿನ ಮೂಟೆ ಹೊತ್ತದ್ದನ್ನು ಕಣ್ಣಾರೆ ಕಂಡವಳು. ಅಮಾವಾಸ್ಯೆಗೆ ಅಪ್ಪನ ಹೆಗಲು ಹಿಡಿದು ಹೋದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಇರಬೇಕಾಗಿದ್ದುದೂ ಅವಳ ಮನೆಯಲ್ಲೇ. ನನಗಾಗಿ ಒಂದು ಗೂಟಕ್ಕೆ ಕನ್ನಡಿ ತೂಗುಹಾಕಿ ಇಟ್ಟಿದ್ದಳು.

"ಹಮಾಲರಿಗೆ ಒದ್ದಂಗ ಒದೀಬ್ಯಾಡತ್ತಿ ಮತ್ತ," ಎಂದೆ.

"ಸುಮ್ಮನ ನಿಂದ್ರಬೇ. ಸರಕಾರಿ ನೌಕರಿ ಸೊಂಟ ಅಂತ ಹಗೂರಕ ಒದೀತೀನಿ," ಎಂದು ನಕ್ಕಳು.

ಹಗುರಾಗಿಯೇ ಒದ್ದಳು. ನಾನು ತಿರುಗಿ ನೋಡದೆ ನಡೆದೆ. ಬೀದಿಯ ತಿರುವಿನಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದಂತಾಯಿತು. ಚಪ್ಪಲಿ ಜಾರಿತು. ಜಾರಿದ್ದು ನನಗೆ ತಿಳಿಯಲಿಲ್ಲ.

ಬಲಗಾಲು ನನ್ನದಾಗಿರಲಿಲ್ಲ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನ ಕಾಲನ್ನು ಮಂಡಿ ಮಡಿಸದೆ ಎತ್ತಿದರು. ಅರ್ಧಕ್ಕೇ ಚೀರಿದೆ. ಪುಟ್ಟ ರಬ್ಬರ್ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದರು. ಎಡಪಾದ ಹಾರಿತು, ಬಲಪಾದ ಸುಮ್ಮನಿತ್ತು.

"ಬಿದ್ದ ಮೇಲೆ ಯಾರಾದರೂ ತಿಕ್ಕಿದರಾ? ಎಳೆದರಾ?"

"ಒದ್ದಾರ್ರಿ," ಎಂದರು ಅಪ್ಪ.

ಡಾಕ್ಟರರ ಪೆನ್ನು ನಿಂತಿತು. "ಒದ್ದರಾ? ಯಾರು? ಇದು ಪೊಲೀಸ್ ಕೇಸೇನ್ರಿ?"

"ಅಯ್ಯ, ಅಲ್ಲರಿ. ನಮ್ಮ ತಂಗಿ. ಪ್ರೀತಿಲೆ ಒದ್ದಾಳ್ರಿ."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಬೆನ್ನೆಲುಬಿನ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ, ಅದು ಹೊರಗೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆ ಎಂದು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ, ಮೆತ್ತೆ ಕಾಣುವುದಿಲ್ಲ, ಅದರ ಸುದ್ದಿಯನ್ನು ಕಾಲೇ ಹೇಳಬೇಕು ಎಂದರು.

"ಕೊಯ್ಯಬೇಕೇನ್ರಿ?" ಅಪ್ಪ ಕೇಳಿದರು.

"ಈಗ ಬೇಡ. ಉಚ್ಚೆ ಕಟ್ಟಿದರೆ, ಪಾದದ ಶಕ್ತಿ ಇನ್ನೂ ಇಳಿದರೆ ಆಗ ನೋಡೋಣ. ಬಹಳ ಜನಕ್ಕೆ ಮಲಗಿದರೇ ಇಳೀತದೆ. ಆದರೆ ಮಲಗೋದು ಸುಲಭ ಅಂದ್ಕೋಬೇಡಮ್ಮ."

ಸುಲಭವಾಗಿರಲಿಲ್ಲ.

ಹಾಸಿಗೆಯ ಕೆಳಗೆ ಮರದ ಹಲಗೆ. ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ, ಅದರಿಂದ ಹಗ್ಗ, ಹಗ್ಗದ ತುದಿಗೆ ಮಂಚದಾಚೆ ತೂಗುವ ಮರಳಿನ ಚೀಲ. ಇದಕ್ಕೆ ಟ್ರಾಕ್ಷನ್ ಎನ್ನುತ್ತಾರೆ. ಅಪ್ಪ ಆ ಚೀಲವನ್ನು ಕೈಯಲ್ಲಿ ಎತ್ತಿ ಅಂದಾಜು ನೋಡಿದರು. ಜೀವನವಿಡೀ ಅವರು ಹೊತ್ತದ್ದು ಮೇಲಿನ ಮೂಟೆ. ನನ್ನದು ಕೆಳಗಿನ ಮೂಟೆ. ಚೀಲವನ್ನು ಹಸುಗೂಸಿನಂತೆ ಮೆಲ್ಲಗೆ ಬಿಟ್ಟು, ಮುಖ ತಿರುಗಿಸಿಕೊಂಡು ಹೊರಗೆ ಹೋದರು.

ಅವ್ವ ಕೆಲವು ದಿನ ಇದ್ದಳು. ಆಮೇಲೆ ನಾಟಿ ಶುರುವಾಯಿತು, ಕೂಲಿಗೆ ಹೋಗಲೇಬೇಕಿತ್ತು. ಕಾಲೇಜಿನ ಗೆಳತಿಯರು ಒಮ್ಮೆ ಬಂದು, ಮೋಸಂಬಿ ಇಟ್ಟು, ಟೂರ್ನಮೆಂಟಿನ ಸುದ್ದಿ ಹೇಳಿ, ಹೇಳಬಾರದಿತ್ತೆಂದು ನೆನಪಾಗಿ ಬೇಗ ಎದ್ದು ಹೋದರು. ದೊಡ್ಡಪ್ಪ ಬಂದವರು ಹಗ್ಗವನ್ನೂ ಚೀಲವನ್ನೂ ನೋಡಿದರು. "ಒನಕಿ ಮುರದ್ರ ಒಲಿಗೆ, ಹೆಣ್ಣಿನ ಸೊಂಟ ಮುರದ್ರ ಮೂಲಿಗೆ. ಡ್ರಿಲ್ಲು ಗಿಲ್ಲು ಇನ್ನ ಆಗದ ಮಾತು. ಆ ನೌಕರಿ ಬಿಟ್ಟುಬಿಡು, ಶರಣಿ." ಅಪ್ಪ ಮರುದಿನವೇ ಕುರುಗೋಡಿಗೆ ಹೋಗಿ ಹೆಡ್‌ಮಿಸ್ಟ್ರೆಸ್ ಮುಂದೆ ನಿಂತು, ಕೆಲಸಕ್ಕೆ ಸೇರಲು ದಸರಾ ರಜೆ ಮುಗಿಯುವವರೆಗೆ ಗಡುವು ಕೇಳಿಕೊಂಡು ಬಂದರು. ಅದರಾಚೆ ಆ ಜಾಗ ಬೇರೆಯವರಿಗೆ ಹೋಗುತ್ತದೆ.

ಗೌರತ್ತೆ ಮಾತ್ರ ಬರಲಿಲ್ಲ.

ಅಂಗಾತ ಮಲಗಿದವಳಿಗೆ ಕಾಣುವುದು ಫ್ಯಾನು ಒಂದೇ. ಬಾಗಿಲು ತಲೆಯ ಹಿಂದೆ. ಪಕ್ಕದ ಮಂಚದಲ್ಲಿ ತೊಡೆ ಮುರಿದುಕೊಂಡ ಕೌಲ್ ಬಜಾರಿನ ಬೀಬಮ್ಮ ಇದ್ದರು. ಅವರಿಗೆ ದಿನವೂ ಮಕ್ಕಳು, ಸೊಸೆಯಂದಿರು, ನೆರೆಯವರು, ರೊಟ್ಟಿ, ಖೈಮಾದ ವಾಸನೆ. ನಾನು ಗೋಣು ತಿರುಗಿಸಲು ಒದ್ದಾಡುವುದನ್ನು ನೋಡಿ ತಮ್ಮ ಕೈಗನ್ನಡಿ ಕೊಟ್ಟರು.

"ತಗೋ ಬೇಟಿ, ಬಾಗ್ಲ ನೋಡು. ಹಿಂಗ ಎಳದು ಎಳದು ನಿನ್ನ ತಾಳಿಮರ ಮಾಡ್ತಾರ ಇವರು. ಅಷ್ಟುದ್ದದ ಗಂಡನ್ನ ನಿಮ್ಮಪ್ಪ ಎಲ್ಲಿಂದ ತರಬೇಕು?"

ನಕ್ಕರೆ ಸೊಂಟ ಹಿಡಿಯುತ್ತಿತ್ತು. ಆದರೂ ನಕ್ಕೆ.

ಆ ಕನ್ನಡಿಯಲ್ಲಿ ಬಾಗಿಲು ನೋಡುವುದೇ ನನ್ನ ಕೆಲಸವಾಯಿತು. ಎಲ್ಲರೂ ಬರುತ್ತಿದ್ದರು, ಬೇರೆಯವರನ್ನು ನೋಡಲು. ಅತ್ತೆಯದರಂಥ ಹಸಿರು ಸೀರೆ ಉಟ್ಟ ಯಾರಾದರೂ ಹೊಸ್ತಿಲು ದಾಟಿದರೆ ಅತ್ತೆ ಎಂದುಕೊಳ್ಳುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದವಳು ಒಂದು ಬಸ್ಸಿನಷ್ಟು ದೂರದಲ್ಲಿದ್ದಾಳೆ, ಬರಲೊಲ್ಲಳು. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟೂ ಉಳಿಯಲಿಲ್ಲ. ನೋವಿಗೆ ಮಾತ್ರೆ ಇದೆ, ಸೂಜಿ ಇದೆ. ಆದರೆ ಓಡುವ ಮೈಯನ್ನೇ ನಂಬಿ ಬದುಕಿದವಳು ಅದನ್ನು ಹಲಗೆಗೆ ಕಟ್ಟಿಸಿಕೊಂಡು ಮಲಗಿದಾಗ, ನಾನು ಯಾರು ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ ಎಂಬುದಿದೆಯಲ್ಲ, ಅದಕ್ಕೆ ಯಾವ ಮಾತ್ರೆಯನ್ನೂ ಯಾರೂ ಬರೆದುಕೊಡಲಿಲ್ಲ.

ಬೀಬಮ್ಮ ಮನೆಗೆ ಹೋದರು. ಕನ್ನಡಿಯನ್ನು ನನಗೇ ಬಿಟ್ಟರು. ಆಮೇಲೆ ಅದರಲ್ಲಿ ಅವರ ಖಾಲಿ ಮಂಚವೂ ಕಾಣುತ್ತಿತ್ತು.

ಒಂದು ದಿನ ಸೂಜಿಯಿಂದ ಪಾದ ಚುಚ್ಚಿ ನೋಡುತ್ತಿದ್ದ ಡಾಕ್ಟರರಿಗೆ "ಹಾ" ಎಂದೆ. ಅವರು ಮತ್ತೆ ಚುಚ್ಚಿದರು. ಮತ್ತೆ "ಹಾ" ಎಂದೆ. ನೋವಾಯಿತು ಎಂದು ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಚೀಲ ಹಗುರವಾಯಿತು, ಆಮೇಲೆ ಹೋಯಿತು. ಸೊಂಟಕ್ಕೆ ಡಯಾಥರ್ಮಿ ಎಂಬ ಯಂತ್ರದಿಂದ ಶಾಖ ಕೊಟ್ಟರು. ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಕಲಿಸಿದರು. ಹುಡುಗಿಯರಿಗೆ ಡ್ರಿಲ್ ಹೇಳಿಕೊಡಬೇಕಾದವಳು ಕೂಸಿನ ಹಾಗೆ ತಲೆ ಎತ್ತಲು ಕಲಿತೆ. ಪಟ್ಟಿ ಬಿಗಿದು ಗೋಡೆ ಹಿಡಿದು ನಿಂತೆ. ಗೋಡೆ ಬಿಟ್ಟು ನಿಂತೆ.

ಕೊನೆಗೆ ಕೇಳಿದೆ. "ಸರ್, ಆ ಒದೆಯಿಂದಲೇ ಹೀಗಾಯಿತಾ?"

"ಹೇಳೋಕಾಗಲ್ಲಮ್ಮ. ಆಟದಲ್ಲೇ ಜಾರಲು ಶುರುವಾಗಿತ್ತು. ಒದೆ ಕೆಡಿಸಿರಬಹುದು. ಒದೆ ಇಲ್ಲದಿದ್ದರೂ ಆಗಬಹುದಿತ್ತು."

ಈ ಮಾತನ್ನು ಕುರುಗೋಡಿಗೆ ಮುಟ್ಟಿಸು ಎಂದು ಅಪ್ಪನಿಗೆ ಹೇಳಿದೆ. ಆಗ ಅಪ್ಪ ತಡೆದಿಟ್ಟಿದ್ದನ್ನು ಹೇಳಿದರು. ಗೌರತ್ತೆ ಅಮಾವಾಸ್ಯೆಗೆ ಬಂದವರನ್ನೆಲ್ಲ ಹೊಸ್ತಿಲಿಂದಲೇ ತಿರುಗಿ ಕಳಿಸುತ್ತಿದ್ದಾಳೆ. ಅವರಿಂದ ಬೈಸಿಕೊಳ್ಳುತ್ತಿದ್ದಾಳೆ. ಈ ಕಾಲಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಲಾರೆ ಎನ್ನುತ್ತಾಳೆ.

ಗಡುವು ಮುಗಿಯುವ ವಾರ ಡಾಕ್ಟರ್ ನನ್ನನ್ನು ಬಗ್ಗಿಸಿದರು, ಕಾಲು ಎತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಬಲಪಾದದ ಅಂಚಿನಲ್ಲಿ ಈಗಲೂ ಕೊಂಚ ಜೋಮು ಇದೆ. ಅದು ಉಳಿಯಬಹುದು ಎಂದರು. "ಹೇಳಿಕೊಡಿ, ಸೀಟಿ ಊದಿ. ಕಂಬಕ್ಕೆ ಮಾತ್ರ ಹಾರಬೇಡಿ." ಸರ್ಟಿಫಿಕೇಟಿಗೆ ಸಹಿ ಮಾಡಿ ಕೈಗೆ ಕೊಟ್ಟರು. ನಾನು ಇನ್ನು ಆಡುವಂತಿಲ್ಲ, ಆಡಿಸಬಹುದು. ಅಷ್ಟು ಸಿಕ್ಕಿತು. ಅಷ್ಟಕ್ಕೆ ಕೈ ಮುಗಿದೆ.

ಹೊರಗೆ ಬೇವಿನ ಮರದ ಕೆಳಗೆ, ಆಸ್ಪತ್ರೆಯ ಮೆಟ್ಟಿಲಿನಿಂದ ದೂರದಲ್ಲಿ, ಹಸಿರು ಸೀರೆ. ಎಡಗಾಲನ್ನು ಸೆರಗಿನೊಳಗೆ ಮಡಚಿಕೊಂಡು ಕೂತಿದ್ದಳು ಗೌರತ್ತೆ. ನಾನು ಸರ್ಟಿಫಿಕೇಟನ್ನು ಅವಳ ಕೈಯಲ್ಲಿಟ್ಟೆ. ಓದು ಬಾರದವಳು ಅದನ್ನು ತಿರುವಿ ತಿರುವಿ ನೋಡಿದಳು.

"ಇದರಾಗ ನನ್ನ ಕಾಲಿನ ಸುದ್ದಿ ಬರದಾರೇನು?"

"ಇಲ್ಲತ್ತಿ. ನೌಕರಿ ಮಾಡಬಹುದು ಅಂತ ಬರದಾರ. ನಿನ್ನ ಮನಿಯಾಗ ಇರಾಕ ಬರ್ತೀನಿ."

ಕಾಗದವನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಮರ ಹಿಡಿದು ಎದ್ದಳು.

"ಬಸ್ ಸ್ಟ್ಯಾಂಡಿಗೆ ನೀ ಮುಂದ ನಡಿಬೇ, ನಾ ಹಿಂದಿಂದ ನೋಡ್ತೀನಿ. ತಿರುಗಿ ನೋಡಿದ್ರೂ ಏನಾಗಂಗಿಲ್ಲ, ನೋಡು."