ಫೂಸಿ ಅತ್ತೆಯ ಬಲಗೈ

ನನ್ನ ಅಕ್ಷರ ಸೊಟ್ಟಗಿದೆ. ಶಾಲೆಯನ್ನು ನಡುವೆಯೇ ಬಿಟ್ಟವಳು, ಬರೆದ ಮಾತು ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ. ನನ್ನ ಸೋದರತ್ತೆ ಫೂಸಿಯವರ ಬಗ್ಗೆ ಬರೆಯುತ್ತಿದ್ದೇನೆ.

ಟೊಂಗಾದ ನಮ್ಮ ಹಳ್ಳಿಯಲ್ಲಿ ಹೆಂಗಸರು ಮರದ ತೊಗಟೆಯನ್ನು ದಿಮ್ಮಿಯ ಮೇಲೆ ಹಾಸಿ, ಕೊಡತಿಯಿಂದ ಬಡಿದು ಬಡಿದು ಬಟ್ಟೆ ಮಾಡುತ್ತಾರೆ. ಯಾವ ಮನೆಯಿಂದ ಸದ್ದು ಜೋರಾಗಿ ಬರುತ್ತದೋ ಆ ಮನೆಯವಳು ಕೆಲಸಗಾತಿ ಎಂದು ಲೆಕ್ಕ. ಅತ್ತೆಯ ಸದ್ದು ಚರ್ಚಿನವರೆಗೂ ಕೇಳುತ್ತಿತ್ತು.

ಅತ್ತೆಯ ಮಗಳ ಮದುವೆಗೆ ಬಟ್ಟೆ ಬಡಿಯುವ ಹೆಂಗಸರ ಗುಂಪಿನವರೆಲ್ಲ ಸೇರಿ ಬಟ್ಟೆ ಬಡಿದುಕೊಟ್ಟಿದ್ದರು. ಈ ಸಲ ಅದೇ ಗುಂಪಿನ ಲೊಸಾಲಿನೆಯ ಮಗನ ಮದುವೆ. ಅಷ್ಟರಲ್ಲಿ ಅತ್ತೆಯ ಮಣಿಕಟ್ಟು ನೋಯತೊಡಗಿತು. ಚಹಾದ ಲೋಟ ಎತ್ತಲೂ ಕಷ್ಟ. ಆದರೂ ಯಾರಿಗೂ ಹೇಳಲಿಲ್ಲ. ಸದ್ದು ಕುಗ್ಗಿದರೆ ಮೈಗಳ್ಳಿ ಅಂದುಕೊಂಡಾರು ಎಂದು ಕೊಡತಿಯನ್ನು ಇನ್ನೂ ಬಿಗಿಯಾಗಿ ಹಿಡಿದು, ಇನ್ನೂ ಜೋರಾಗಿ ಬಡಿದರು.

ಸೋದರತ್ತೆಗೆ ನಮ್ಮಲ್ಲಿ ಅಪ್ಪನೂ ಎದುರಾಡುವುದಿಲ್ಲ. ಅದಕ್ಕೆ ನಾನು ಏನೂ ಹೇಳದೆ ನರ್ಸನ್ನೇ ಮನೆಗೆ ಕರೆತಂದೆ. ಅವರು ಮಣಿಕಟ್ಟು ಬಿಟ್ಟು ಮೊಣಕೈಯ ಕೆಳಗೆ, ಹೊರಬದಿಯ ಮಾಂಸದಲ್ಲಿ ಒತ್ತಿ ನೋಡಿದರು. ಅಲ್ಲಿ ಅವರೆಕಾಳಿನಂಥ ಗಂಟು. ಒತ್ತಿದ್ದೇ ತಡ, ಅತ್ತೆ ಮಣಿಕಟ್ಟು ಹಿಡಿದುಕೊಂಡರು.

ಕೈಯನ್ನೂ ಬೆರಳನ್ನೂ ಮೇಲೆತ್ತುವ ಸ್ನಾಯುಗಳು ಅಲ್ಲಿಂದಲೇ ಹೊರಡುತ್ತವಂತೆ. ಸದಾ ಬಿಗಿಹಿಡಿದರೆ ಅವು ಸಡಿಲವಾಗದೆ ಗಂಟು ಕಟ್ಟುತ್ತವೆ, ನೋವು ಮಾತ್ರ ಮಣಿಕಟ್ಟಿನಲ್ಲಿ ಕಾಣುತ್ತದೆ. ಕೊಡತಿಯನ್ನು ಹಗುರವಾಗಿ ಹಿಡಿದು ಅದರ ಭಾರಕ್ಕೇ ಬೀಳಲು ಬಿಡಬೇಕು, ನಡುನಡುವೆ ನಿಲ್ಲಿಸಿ ಅಂಗೈ ಕೆಳಗೆ ಮಡಚಿ ಇನ್ನೊಂದು ಕೈಯಿಂದ ಮೆಲ್ಲಗೆ ಎಳೆದುಕೊಳ್ಳಬೇಕು ಎಂದು ತೋರಿಸಿಕೊಟ್ಟರು. ಆದರೆ ಈಗಿನ ನೋವು ಇಳಿಯುವವರೆಗೆ ಬಡಿಯುವುದೇ ಬೇಡ ಎಂದರು.

“ಅವರ ಕೈ ಸವೆಸಿ ಮಗಳ ಮದುವೆ ಮಾಡ್ದೆ. ಈಗ ನಾನು ಸುಮ್ನೆ ಕೂತ್ಕೊಂಡು ನೋಡೋದಾ?” ಅತ್ತೆ ತಲೆ ಎತ್ತಲಿಲ್ಲ.

ಕೊನೆಗೆ ತಾವೇ ಲೊಸಾಲಿನೆಯ ಮನೆಗೆ ಹೋಗಿ ಕೈನೋವಿನ ವಿಷಯ ಹೇಳಿದರು. ನಾನೂ ಜೊತೆಗಿದ್ದೆ. ಅವಳು ಒಳಗಿನಿಂದ ಬಟ್ಟೆ ತಂದು ಬೆಳಕಿಗೆ ಹಿಡಿದಳು. ಅತ್ತೆ ಬಡಿದ ಭಾಗವೆಲ್ಲ ಅಲ್ಲಲ್ಲಿ ಹರಿದಿತ್ತು.

“ನಾನು ಕೇಳಿದ್ದು ಬಟ್ಟೆ. ನೀನು ಮೀನಿನ ಬಲೆ ಮಾಡ್ಕೊಟ್ಟಿದ್ದೀಯ ಕಣಕ್ಕ. ಹೇಳೋಕೆ ನಂಗೇ ಸಂಕೋಚ ಆಗಿತ್ತು.”

ಅಲ್ಲಿ ಬಡಿಯಲು ಕೂತಿದ್ದ ಹೆಂಗಸರೆಲ್ಲ ನಕ್ಕರು. ಲೊಸಾಲಿನೆ ಅತ್ತೆಯ ಹೆಗಲು ತಟ್ಟಿ, ಕೈ ವಾಸಿ ಮಾಡಿಕೊಂಡು ಬಾ ಎಂದಳು. ಅತ್ತೆ ನಗಲಿಲ್ಲ. ಸಂಜೆ ಗೆಣಸು ಮುಟ್ಟಲಿಲ್ಲ. ಆಮೇಲೆ ನನ್ನನ್ನು ಕರೆದು ತಮ್ಮ ಕೊಡತಿಯನ್ನು ಕೈಗಿಟ್ಟರು.

ನಾಳೆ ಬೆಳಗ್ಗೆ ಲೊಸಾಲಿನೆಯ ಮನೆಗೆ ಹೋಗಿ ಬಟ್ಟೆ ಹರಿದ ಕಡೆಯೆಲ್ಲ ತೇಪೆ ಹಚ್ಚುತ್ತೇನೆ. ಆಮೇಲೆ ಅತ್ತೆಯ ಜಾಗದಲ್ಲಿ ಕೂತು ಬಡಿಯುತ್ತೇನೆ.